ಕೋಡ್ ಬರೆಯುವುದಕ್ಕೇ ಉಳಿತಾಯ ಮುಗಿಸಬೇಡಿ

ಸ್ವಂತ ಸಾಫ್ಟ್‌ವೇರ್ ಮಾಡಿ ಮಾರುವ ಒಂಟಿ ಡೆವಲಪರ್‌ಗಳಿಗೆ ಹಣಕಾಸಿನ ಸಲಹೆ ಕೊಡುವುದು ನನ್ನ ಕೆಲಸ. ಮೊದಲ ಸಲ ಬಂದವರು ಹೆಚ್ಚಾಗಿ ಲ್ಯಾಪ್‌ಟಾಪ್ ತೆರೆದು ತಾವು ಮಾಡಿದ್ದನ್ನು ತೋರಿಸುತ್ತಾರೆ. ಬಹಳ ಸಲ ಅದು ನಿಜಕ್ಕೂ ಚೆನ್ನಾಗಿರುತ್ತದೆ. ಎಲ್ಲ ನೋಡಿದ ಮೇಲೆ ನಾನು ಕೇಳುತ್ತೇನೆ: "ಮನೆ ಖರ್ಚಿಗೆ ಇನ್ನೆಷ್ಟು ತಿಂಗಳ ದುಡ್ಡಿದೆ?"

ಕಳೆದ ವರ್ಷ ಬಂದ ಒಬ್ಬರು ಈ ಪ್ರಶ್ನೆಗೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಎರಡು ತಿಂಗಳು ಸರ್" ಅಂದರು. ಫಿಸಿಯೋಥೆರಪಿ ಕ್ಲಿನಿಕ್‌ಗಳ ಅಪಾಯಿಂಟ್‌ಮೆಂಟ್ ನೋಡಿಕೊಳ್ಳುವ ಸಾಫ್ಟ್‌ವೇರ್ ಅವರದ್ದು. ನೌಕರಿ ಬಿಡುವಾಗ 14 ತಿಂಗಳಿಗೆ ಆಗುವಷ್ಟು ಉಳಿತಾಯವಿತ್ತು. 12 ತಿಂಗಳು ಕೋಡ್ ಬರೆಯುವುದಕ್ಕೇ ಹೋಯಿತು. ಗ್ರಾಹಕರು ಎಷ್ಟು ಜನ ಅಂತ ಕೇಳಿದೆ. "ಇನ್ನೂ ಲಾಂಚ್ ಆಗಿಲ್ಲವಲ್ಲ. ಮಾರ್ಕೆಟಿಂಗ್ ಆಮೇಲೆ ನೋಡೋಣ ಅಂತ ಬಿಟ್ಟಿದ್ದೆ" ಅಂದರು.

ಈ ಮಾತನ್ನು ನಾನು ಎಷ್ಟೋ ಜನರಿಂದ ಕೇಳಿದ್ದೇನೆ. ಪ್ರತಿ ಸಲವೂ ಬೇಜಾರಾಗುತ್ತದೆ. ಯಾಕೆಂದರೆ ಇವರು ಸೋಮಾರಿಗಳಲ್ಲ, ಕೆಲಸ ಬಾರದವರೂ ಅಲ್ಲ. ದುಡ್ಡಿನ ಕಷ್ಟ ಬೇರೆ, ಮಾರ್ಕೆಟಿಂಗ್ ಕಷ್ಟ ಬೇರೆ ಅಂದುಕೊಂಡಿರುತ್ತಾರೆ, ಅಷ್ಟೇ. ನನ್ನ ಅನುಭವದಲ್ಲಿ ಇವೆರಡೂ ಒಂದೇ. ಗ್ರಾಹಕರು ಬಂದು ಸೇರುವುದಕ್ಕೆ ಎಷ್ಟು ತಿಂಗಳು ಹಿಡಿಯುತ್ತದೋ ಅಷ್ಟೂ ತಿಂಗಳು ಮನೆ ನಡೆಯಬೇಕು. ಆ ತಿಂಗಳುಗಳ ಖರ್ಚನ್ನು ಹೆಚ್ಚಿನವರು ಲೆಕ್ಕಕ್ಕೇ ಹಿಡಿದಿರುವುದಿಲ್ಲ.

ಒಂದು ಸಣ್ಣ ಲೆಕ್ಕ ಮಾಡೋಣ. ನಾನು ಇದನ್ನು ಎಲ್ಲರ ಎದುರೂ ಕಾಗದದ ಮೇಲೆ ಬರೆದು ತೋರಿಸುತ್ತೇನೆ. ನಿಮ್ಮದು ತಿಂಗಳ ಚಂದಾದ ಸಾಫ್ಟ್‌ವೇರ್ ಅಂತ ಇಟ್ಟುಕೊಳ್ಳಿ. ಮನೆ ಖರ್ಚು, ಸರ್ವರ್ ಖರ್ಚು ಎಲ್ಲ ನಿಭಾಯಿಸಬೇಕಾದರೆ 200 ಗ್ರಾಹಕರು ಬೇಕು. ತಿಂಗಳಿಗೆ 10 ಹೊಸಬರು ಸೇರುತ್ತಾರೆ. ಒಬ್ಬರೂ ಬಿಟ್ಟು ಹೋಗದಿದ್ದರೂ 200 ಮುಟ್ಟಲು 20 ತಿಂಗಳು ಬೇಕು. ಆದರೆ ಜನ ಬಿಟ್ಟು ಹೋಗುತ್ತಾರೆ. ಕ್ಲಿನಿಕ್ ಮುಚ್ಚುತ್ತದೆ, ಕಾರ್ಡ್ ಅವಧಿ ಮುಗಿಯುತ್ತದೆ, ಬೇರೆ ಸಾಫ್ಟ್‌ವೇರ್ ಇಷ್ಟವಾಗುತ್ತದೆ. ಈ ಬಿಟ್ಟು ಹೋಗುವುದಕ್ಕೆ ಈ ವ್ಯವಹಾರದಲ್ಲಿ ಚರ್ನ್ ಅನ್ನುತ್ತಾರೆ. ತಿಂಗಳಿಗೆ 5% ಚರ್ನ್ ಇದ್ದರೆ 20 ತಿಂಗಳ ಕೊನೆಗೆ ನಿಮ್ಮ ಹತ್ತಿರ ಇರುವುದು ಸುಮಾರು 128 ಗ್ರಾಹಕರು.

ಇನ್ನೂ ಸ್ವಲ್ಪ ಕಾದರೆ 200 ಆಗುತ್ತದೆ, ಅಲ್ವಾ? ಆಗುವುದಿಲ್ಲ. 200 ಗ್ರಾಹಕರಲ್ಲಿ 5% ಅಂದರೆ 10 ಜನ. ಅಂದರೆ ಆ ಹಂತದಲ್ಲಿ ತಿಂಗಳಿಗೆ ಸೇರುವವರೂ 10, ಹೋಗುವವರೂ 10. ಅದರ ಹತ್ತಿರ ಹತ್ತಿರ ಹೋಗುತ್ತಾ ಸಂಖ್ಯೆ ನಿಂತೇ ಹೋಗುತ್ತದೆ. ಎಷ್ಟು ವರ್ಷ ದುಡಿದರೂ ಇದೇ ಕತೆ. ಈ ಲೆಕ್ಕ ಮೊದಲ ಸಲ ನೋಡಿದವರ ಮುಖ ಬಾಡುವುದನ್ನು ನೋಡಿದ್ದೇನೆ. ಆದರೂ ತೋರಿಸುತ್ತೇನೆ. ಗೊತ್ತಾಗುವುದು ಬೇಗ ಆದಷ್ಟೂ ಒಳ್ಳೆಯದು.

ಇದೇ ಲೆಕ್ಕದಲ್ಲಿ ಚರ್ನ್ 3%ಗೆ ಇಳಿದರೆ ಸುಮಾರು ಎರಡೂವರೆ ವರ್ಷಕ್ಕೆ 200 ಸಿಗುತ್ತದೆ. ಚರ್ನ್ 5%ನಲ್ಲೇ ಇದ್ದು, ಹೊಸಬರು 10ರ ಬದಲು 20 ಆದರೆ 14 ತಿಂಗಳಲ್ಲಿ ಸಿಗುತ್ತದೆ. ಬೆಲೆ ಏರಿಸಿ 200ರ ಬದಲು 100 ಗ್ರಾಹಕರು ಸಾಕು ಅನ್ನುವ ಹಾಗೆ ಮಾಡಿಕೊಂಡರೆ, ತಿಂಗಳಿಗೆ 10 ಹೊಸಬರಿದ್ದರೂ ಅದೇ 14 ತಿಂಗಳು. ಈ ಮೂರನೇ ದಾರಿಯನ್ನು ಡೆವಲಪರ್‌ಗಳು ಬಹಳ ಕಡಿಮೆ ಯೋಚಿಸುತ್ತಾರೆ. ಜಾಸ್ತಿ ಕೇಳಲು ಅವರಿಗೆ ಸಂಕೋಚ. ಕಡಿಮೆ ಬೆಲೆ ಇಟ್ಟರೆ ತಾನಾಗೇ ಜನ ಬರುತ್ತಾರೆ ಅನ್ನುವ ನಂಬಿಕೆ ಬೇರೆ. ಬೆಲೆ ಕಡಿಮೆ ಇದ್ದಷ್ಟೂ ಜಾಸ್ತಿ ಗ್ರಾಹಕರು ಬೇಕು. ಜಾಸ್ತಿ ಗ್ರಾಹಕರು ಬೇಕು ಅಂದರೆ ಜಾಸ್ತಿ ಮಾರ್ಕೆಟಿಂಗ್ ಬೇಕು. ಒಂಟಿಯಾಗಿ ಕೆಲಸ ಮಾಡುವವರಿಗೆ ಬಾರದೇ ಇರುವ ಕೆಲಸವೇ ಅದು.

ವರ್ಷದ ಚಂದಾ ಒಟ್ಟಿಗೆ ತೆಗೆದುಕೊಳ್ಳಬಹುದಲ್ಲ ಅಂತ ಕೇಳುತ್ತಾರೆ. ಒಳ್ಳೆಯ ದಾರಿಯೇ. ಎರಡು ತಿಂಗಳ ರಿಯಾಯಿತಿ ಕೊಟ್ಟರೂ ಕೈಗೆ ಹತ್ತು ತಿಂಗಳ ದುಡ್ಡು ಇವತ್ತೇ ಬರುತ್ತದೆ. ಆದರೆ ಅದನ್ನು ಪೂರ್ತಿ ಖರ್ಚು ಮಾಡುವ ಹಾಗಿಲ್ಲ. ಅದು ನೀವು ಇನ್ನೂ ಮಾಡದ ಕೆಲಸದ ದುಡ್ಡು. ಇದನ್ನು ಮರೆತರೆ ಏನಾಗುತ್ತದೆ ಅನ್ನುವುದು 2023ರಲ್ಲಿ ಎಲ್ಲರಿಗೂ ಕಾಣಿಸಿತು. ಆ ವರ್ಷ ಜನವರಿಯಲ್ಲಿ ಟ್ವಿಟರ್ ಹೊರಗಿನವರ ಆಪ್‌ಗಳಿಗೆ ಇದ್ದ ಸಂಪರ್ಕವನ್ನು ಇದ್ದಕ್ಕಿದ್ದಂತೆ ಕಡಿದು ಹಾಕಿತು. ಟ್ವಿಟರ್ ಓದಲು ಮಾಡಿದ ಟ್ವೀಟ್‌ಬಾಟ್, ಟ್ವಿಟರಿಫಿಕ್ ಎಂಬ ಆಪ್‌ಗಳು ವರ್ಷಾನುಗಟ್ಟಲೆ ಜನ ಮೆಚ್ಚಿ ಬಳಸಿದಂಥವು. ಎರಡೂ ಮುಚ್ಚಿದವು. ವರ್ಷದ ಚಂದಾ ಕಟ್ಟಿದ್ದವರಿಗೆ ಉಳಿದ ತಿಂಗಳ ದುಡ್ಡು ವಾಪಸ್ ಹೋಗಬೇಕು, ಅದೂ ಆ ಸಣ್ಣ ತಂಡಗಳ ಜೇಬಿನಿಂದ. ರಿಫಂಡ್ ಬೇಡ ಅಂತ ಹೇಳಲು ಸಾಧ್ಯವಾದರೆ ಹೇಳಿ ಅಂತ ಅವರು ಬಳಕೆದಾರರನ್ನು ಕೇಳಿಕೊಳ್ಳಬೇಕಾಯಿತು. ಕೆಲವೇ ತಿಂಗಳಲ್ಲಿ ರೆಡಿಟ್ ಎಂಬ ಚರ್ಚೆಯ ತಾಣ ತನ್ನ ಎಪಿಐ, ಅಂದರೆ ಹೊರಗಿನ ಆಪ್‌ಗಳು ಅಲ್ಲಿನ ಮಾಹಿತಿ ಪಡೆಯುವ ದಾರಿ, ಅದರ ಬಳಕೆಗೆ ದರ ಇಟ್ಟಿತು. ರೆಡಿಟ್ ಓದಲು ಅಪೋಲೋ ಎಂಬ ಆಪ್ ಕಟ್ಟಿದ ಕ್ರಿಸ್ಟಿಯನ್ ಸೆಲಿಗ್, ಈ ದರದಲ್ಲಿ ತನಗೆ ವರ್ಷಕ್ಕೆ ಸುಮಾರು 2 ಕೋಟಿ ಡಾಲರ್ ಖರ್ಚು ಬರುತ್ತದೆ ಅಂತ ಲೆಕ್ಕ ಹೇಳಿದರು. ಜೂನ್ 30ಕ್ಕೆ ಆಪ್ ಮುಚ್ಚಿದರು.

ಈ ಮೂವರಲ್ಲಿ ಯಾರ ಸಾಫ್ಟ್‌ವೇರೂ ಕೆಟ್ಟದಾಗಿರಲಿಲ್ಲ. ಇಂಥದ್ದು ಹೊಸದೂ ಅಲ್ಲ. 2002ರಲ್ಲಿ ಕರೇಲಿಯಾ ಎಂಬ ಪುಟ್ಟ ಕಂಪನಿ ವಾಟ್ಸನ್ ಎಂಬ ಹುಡುಕಾಟದ ಸಾಫ್ಟ್‌ವೇರ್ ಮಾರುತ್ತಿತ್ತು. ಬಹುಮಟ್ಟಿಗೆ ಅದೇ ಕೆಲಸ ಮಾಡುವ, ಶರ್ಲಾಕ್ ಎಂಬ ತನ್ನದೇ ಸಾಫ್ಟ್‌ವೇರ್‌ನ ಹೊಸ ಆವೃತ್ತಿಯನ್ನು ಆಪಲ್ ತನ್ನ ಕಂಪ್ಯೂಟರ್‌ಗಳ ಜೊತೆಗೇ ಕೊಟ್ಟುಬಿಟ್ಟಿತು. ಅಂದಿನಿಂದ ಹೀಗೆ ಆದಾಗಲೆಲ್ಲ ಡೆವಲಪರ್‌ಗಳು "ನನ್ನನ್ನು ಶರ್ಲಾಕ್ ಮಾಡಿದರು" ಅನ್ನುತ್ತಾರೆ. ಹಾಗಾಗಿ ನನ್ನ ಹತ್ತಿರ ಬಂದವರಿಗೆ ಎರಡು ಸಂಗತಿ ಕೇಳುತ್ತೇನೆ. ನಿಮ್ಮ ಸಾಫ್ಟ್‌ವೇರ್ ಯಾವುದಾದರೂ ಒಂದೇ ಕಂಪನಿಯ ಅನುಮತಿಯ ಮೇಲೆ ನಿಂತಿದೆಯಾ? ವರ್ಷದ ಚಂದಾದಲ್ಲಿ ಇನ್ನೂ ದುಡಿಯದ ಭಾಗವನ್ನು ಬೇರೆ ಖಾತೆಯಲ್ಲಿ ಇಟ್ಟಿದ್ದೀರಾ? ಎರಡನೆಯದಕ್ಕೆ ಹೌದು ಅಂದವರು ಬೆರಳೆಣಿಕೆಯಷ್ಟು ಮಂದಿ.

ಆಪ್ ಸ್ಟೋರ್‌ಗಳ ಬಗ್ಗೆಯೂ ಒಂದು ಮಾತು. 2008ರ ಜುಲೈಯಲ್ಲಿ ಆಪಲ್ ತನ್ನ ಆಪ್ ಸ್ಟೋರ್ ತೆರೆದಾಗ ಅಲ್ಲಿ ಇದ್ದದ್ದು ಸುಮಾರು 500 ಆಪ್. ಕಮಿಷನ್ 30%. ಆಗ ಅಲ್ಲಿ ಇರುವುದೇ ಒಂದು ಜಾಹೀರಾತಾಗಿತ್ತು. ಈಗ ಹತ್ತು ಲಕ್ಷಕ್ಕೂ ಹೆಚ್ಚು ಆಪ್‌ಗಳಿವೆ. 2021ರಿಂದ ಸಣ್ಣವರಿಗೆ, ಅಂದರೆ ವರ್ಷಕ್ಕೆ 10 ಲಕ್ಷ ಡಾಲರ್ ಒಳಗಿನವರಿಗೆ, ಕಮಿಷನ್ 15% ಆಗಿದೆ. ಗೂಗಲ್ ಕೂಡ ಅದೇ ವರ್ಷ ಮೊದಲ 10 ಲಕ್ಷ ಡಾಲರ್‌ವರೆಗೆ 15% ಮಾಡಿತು. ಒಳ್ಳೆಯದೇ. ಆದರೆ ಆ ಕಮಿಷನ್‌ನಲ್ಲಿ ಮಾರ್ಕೆಟಿಂಗ್ ಸೇರಿಲ್ಲ. ಗ್ರಾಹಕರನ್ನು ನೀವೇ ಹುಡುಕಿ ಸ್ಟೋರ್‌ಗೆ ಕರೆದುಕೊಂಡು ಹೋಗಬೇಕು. ಇಲ್ಲಿ ದುಡ್ಡು ಕೈಸೇರುವುದೂ ತಡ. ಈ ತಿಂಗಳು ಮಾರಿದ್ದರ ದುಡ್ಡನ್ನು ಈ ತಿಂಗಳ ಖರ್ಚಿಗೆ ನೆಚ್ಚಿಕೊಳ್ಳಬೇಡಿ.

ಮಾರ್ಕೆಟಿಂಗ್ ಅಂದ ಕೂಡಲೇ ಜಾಹೀರಾತು ನೆನಪಾಗುತ್ತದೆ. ಅದರಲ್ಲಿ ಒಂದು ಅಪಾಯ ಇದೆ. ಒಬ್ಬ ಗ್ರಾಹಕನನ್ನು ತರಲು ಹತ್ತು ತಿಂಗಳ ಚಂದಾದಷ್ಟು ಖರ್ಚಾಗುತ್ತದೆ ಅನ್ನೋಣ. 5% ಚರ್ನ್‌ನಲ್ಲಿ ಒಬ್ಬ ಗ್ರಾಹಕ ಸರಾಸರಿ 20 ತಿಂಗಳು ಉಳಿಯುತ್ತಾನೆ. ಕಾಗದದ ಮೇಲೆ ಒಂದು ಹಾಕಿದರೆ ಎರಡು ವಾಪಸ್. ಆದರೆ ಖರ್ಚು ಇವತ್ತೇ ಆಗುತ್ತದೆ, ಹಾಕಿದ್ದು ವಾಪಸ್ ಬರಲು ಹತ್ತು ತಿಂಗಳು ಬೇಕು. ಲಾಭ ಇದೆ ಅಂತ ಜೋರಾಗಿ ಜಾಹೀರಾತು ಹಾಕಿದವರು ಆರನೇ ತಿಂಗಳಲ್ಲಿ ಬಾಡಿಗೆಗೆ ದುಡ್ಡಿಲ್ಲದೆ ನಿಂತಿದ್ದನ್ನು ಕಂಡಿದ್ದೇನೆ. ಹೂಡಿಕೆದಾರರ ದುಡ್ಡಿರುವ ಕಂಪನಿ ಈ ಹತ್ತು ತಿಂಗಳು ಕಾಯಬಲ್ಲದು. ಉಳಿತಾಯ ನಂಬಿದವರು ಕಾಯಲಾರರು. ಅದಕ್ಕೇ ಶುರುವಿನಲ್ಲಿ ಜಾಹೀರಾತು ಬೇಡ ಅನ್ನುತ್ತೇನೆ.

ಹಾಗಾದರೆ ಏನು ಮಾಡುವುದು? ಮಾತಾಡುವುದು. ಕೋಡ್ ಬರೆಯುವ ಮೊದಲೇ, ನಿಮ್ಮ ಸಾಫ್ಟ್‌ವೇರ್ ಬೇಕಾದೀತು ಅನ್ನುವಂಥ ಇಪ್ಪತ್ತು ಜನರನ್ನು ಹುಡುಕಿ ಮಾತಾಡಿ. "ಹೀಗೊಂದು ಸಾಫ್ಟ್‌ವೇರ್ ಮಾಡಿದರೆ ತಗೋತೀರಾ?" ಅಂತ ಕೇಳಿದರೆ ಎಲ್ಲರೂ ಹೂಂ ಅನ್ನುತ್ತಾರೆ, ಪಾಪ, ಬೇಜಾರು ಮಾಡಬಾರದು ಅಂತ. ಅದರ ಬದಲು ಈಗ ಆ ಕೆಲಸ ಹೇಗೆ ಮಾಡುತ್ತಿದ್ದೀರಿ, ಅದಕ್ಕೆ ಎಷ್ಟು ಹೊತ್ತು ಹೋಗುತ್ತದೆ, ಅದಕ್ಕಾಗಿ ಏನಾದರೂ ದುಡ್ಡು ಕೊಟ್ಟಿದ್ದೀರಾ ಅಂತ ಕೇಳಿ. ಇಪ್ಪತ್ತು ಜನರನ್ನು ಹುಡುಕಲು ಆಗಲಿಲ್ಲ ಅಂದರೆ ಅದೂ ಒಂದು ಉತ್ತರ. ಈಗ ಸಿಗದವರು ಲಾಂಚ್ ಆದ ಮೇಲೆ ಎಲ್ಲಿಂದ ಸಿಗುತ್ತಾರೆ?

ಇದೇ ಕಾರಣಕ್ಕೆ ನಾನು ಒಂದು ಕಸುಬಿನವರಿಗೆ ಮಾತ್ರ ಆಗುವ ಸಾಫ್ಟ್‌ವೇರ್ ಕಡೆಗೆ ಜಾಸ್ತಿ ಒಲವು ತೋರಿಸುತ್ತೇನೆ. ಮಾಡಬೇಕಾದ ಕೆಲಸಗಳ ಪಟ್ಟಿ ಇಡುವ, ಎಲ್ಲರಿಗೂ ಆಗುವ ಟು-ಡೂ ಆಪ್ ಮಾಡಿದವರಿಗೆ ಗ್ರಾಹಕರು ಎಲ್ಲಿ ಕೂತಿದ್ದಾರೆ ಅಂತಲೇ ಗೊತ್ತಾಗುವುದಿಲ್ಲ. ಪಶುವೈದ್ಯರಿಗೆ ಸಾಫ್ಟ್‌ವೇರ್ ಮಾಡಿದವರಿಗೆ ಗೊತ್ತು. ಆ ವೈದ್ಯರಿಗೊಂದು ಸಂಘ ಇರುತ್ತದೆ, ವರ್ಷಕ್ಕೊಂದು ಸಮ್ಮೇಳನ ಇರುತ್ತದೆ. ಒಬ್ಬರಿಗೆ ಉಪಯೋಗವಾದರೆ ಇನ್ನೊಬ್ಬರಿಗೆ ಹೇಳುತ್ತಾರೆ. ದಿನದ ಕೆಲಸಕ್ಕೆ ಅಂಟಿಕೊಂಡ ಸಾಫ್ಟ್‌ವೇರ್ ಆದ್ದರಿಂದ ಬಿಟ್ಟು ಹೋಗುವುದೂ ಕಡಿಮೆ.

ಮಾರಾಟ ಆಗದಿದ್ದಾಗ ಡೆವಲಪರ್ ಮಾಡುವ ಮೊದಲ ಕೆಲಸ ಇನ್ನೊಂದು ಫೀಚರ್ ಸೇರಿಸುವುದು. ಇದು ನನಗೆ ಚೆನ್ನಾಗಿ ಗೊತ್ತು. ಈ ಕೆಲಸಕ್ಕೆ ಬರುವ ಮೊದಲು ನಾನೂ ಒಂದು ಸಾಫ್ಟ್‌ವೇರ್ ಮಾರುತ್ತಿದ್ದೆ. ಗ್ರಾಹಕರು ಬರಲಿಲ್ಲ. ವರದಿಗಳ ಭಾಗ ಸರಿಯಿಲ್ಲ, ಅದಕ್ಕೇ ಇರಬೇಕು ಅಂದುಕೊಂಡೆ. ನಾಲ್ಕು ತಿಂಗಳು ಕೂತು ಅದನ್ನು ಹೊಸದಾಗಿ ಬರೆದೆ. ಆಮೇಲೂ ಬರಲಿಲ್ಲ. ಅಪರಿಚಿತರಿಗೆ ಫೋನ್ ಮಾಡಿ "ಬೇಡ" ಅನ್ನಿಸಿಕೊಳ್ಳುವುದು ಬಹಳ ಕಷ್ಟದ ಕೆಲಸ. ಕೋಡ್ ಎದುರು ಕೂತರೆ ಹಾಗೆ ಯಾರೂ ಅನ್ನುವುದಿಲ್ಲ. ಆ ನಾಲ್ಕು ತಿಂಗಳ ಉಳಿತಾಯ ಇದ್ದಿದ್ದರೆ ನಾನು ಇನ್ನೂ ನೂರು ಜನರ ಹತ್ತಿರ ಮಾತಾಡಬಹುದಿತ್ತು.

ಕೆಲವರು ಸ್ಟಾರ್ಡ್ಯೂ ವ್ಯಾಲಿ ಆಟದ ಉದಾಹರಣೆ ಕೊಡುತ್ತಾರೆ. ಎರಿಕ್ ಬರೋನ್ ಒಬ್ಬರೇ ನಾಲ್ಕು ವರ್ಷಕ್ಕೂ ಹೆಚ್ಚು ಕಾಲ ಕೂತು ಅದನ್ನು ಕಟ್ಟಿದರು. 2016ರಲ್ಲಿ ಹೊರಬಂದು ಅದು ದೊಡ್ಡ ಯಶಸ್ಸು ಕಂಡಿತು. ನಿಜ. ಆದರೆ ಆ ವರ್ಷಗಳಲ್ಲಿ ಅವರು ಒಂದು ಥಿಯೇಟರಿನಲ್ಲಿ ಅರೆಕಾಲಿಕ ಕೆಲಸ ಮಾಡುತ್ತಿದ್ದರು, ಸಂಗಾತಿಯ ದುಡಿಮೆಯೂ ಜೊತೆಗಿತ್ತು. ಆ ಆಸರೆಯ ಬಗ್ಗೆ ಯಾರೂ ಹೆಚ್ಚು ಮಾತಾಡುವುದಿಲ್ಲ. ನಿಮಗೂ ಅಂಥ ಆಸರೆ ಇದೆಯಾ ನೋಡಿಕೊಳ್ಳಿ. ಇಲ್ಲದಿದ್ದರೆ ವಾರದಲ್ಲಿ ಎರಡು ದಿನ ಹೊರಗಿನ ಕೆಲಸ ಹಿಡಿಯಿರಿ. ಸಾಫ್ಟ್‌ವೇರ್ ಸ್ವಲ್ಪ ನಿಧಾನವಾದರೂ ಉಳಿತಾಯ ಕರಗುವುದು ಇನ್ನೂ ನಿಧಾನವಾಗುತ್ತದೆ.

ಉಳಿತಾಯವನ್ನು ಹೇಗೆ ಹಂಚಬೇಕು ಅಂತ ಕೇಳಿದರೆ ನನ್ನ ಲೆಕ್ಕ ಒರಟು. ಮೂರರಲ್ಲಿ ಒಂದು ಪಾಲು ಕೋಡ್‌ಗೆ, ಎರಡು ಪಾಲು ಮಾರುವುದಕ್ಕೆ. 14 ತಿಂಗಳ ದುಡ್ಡಿದ್ದರೆ ಐದನೇ ತಿಂಗಳ ಹೊತ್ತಿಗೆ ಯಾರಾದರೂ ಒಬ್ಬರು ದುಡ್ಡು ಕೊಟ್ಟು ಬಳಸುತ್ತಿರಬೇಕು. ಐದು ತಿಂಗಳಲ್ಲಿ ಮುಗಿಯದಷ್ಟು ದೊಡ್ಡ ಸಾಫ್ಟ್‌ವೇರ್ ಆದರೆ ಅದನ್ನು ಚಿಕ್ಕದು ಮಾಡಿ. ಮನೆಯ ಖಾತೆ, ವ್ಯವಹಾರದ ಖಾತೆ ಬೇರೆ ಬೇರೆ ಇರಲಿ. ತೆರಿಗೆಯ ಪಾಲನ್ನು ದುಡ್ಡು ಬಂದ ದಿನವೇ ಎತ್ತಿಡಿ. ಕ್ರೆಡಿಟ್ ಕಾರ್ಡ್ ಸಾಲದಲ್ಲಿ ಒಂದು ತಿಂಗಳೂ ಮನೆ ನಡೆಸಬೇಡಿ.

ಫಿಸಿಯೋಥೆರಪಿ ಸಾಫ್ಟ್‌ವೇರಿನವರ ವಿಷಯಕ್ಕೆ ಬರುತ್ತೇನೆ. ಅವರು ಆ ವಾರವೇ ಕೋಡ್ ಬರೆಯುವುದು ನಿಲ್ಲಿಸಿದರು. ಹಳೆಯ ಕಂಪನಿಯಿಂದ ವಾರಕ್ಕೆ ಮೂರು ದಿನದ ಗುತ್ತಿಗೆ ಕೆಲಸ ಕೇಳಿ ಪಡೆದರು. ಉಳಿದ ದಿನ ಕ್ಲಿನಿಕ್‌ಗಳಿಗೆ ಫೋನ್ ಮಾಡಿದರು. ಮೊದಲ ಮೂವತ್ತು ಕರೆಗಳಲ್ಲಿ ಗೊತ್ತಾದದ್ದು ಇಷ್ಟು: ಅಪಾಯಿಂಟ್‌ಮೆಂಟ್ ಬರೆದುಕೊಳ್ಳುವುದು ಅವರಿಗೆ ಕಷ್ಟವೇ ಅಲ್ಲ. ರೋಗಿಗಳು ಹೇಳದೆ ಕೇಳದೆ ತಪ್ಪಿಸಿಕೊಳ್ಳುವುದು ಕಷ್ಟ. ಹಿಂದಿನ ದಿನ ನೆನಪಿಸುವ ಸಂದೇಶ ಕಳಿಸುವ ಒಂದು ಸಣ್ಣ ಭಾಗ ಅವರ ಸಾಫ್ಟ್‌ವೇರ್‌ನಲ್ಲಿ ಆಗಲೇ ಇತ್ತು. ಅದನ್ನೇ ಮುಂದಿಟ್ಟು, ಬೆಲೆ ಎರಡರಷ್ಟು ಮಾಡಿ ಮಾರಲು ಹೊರಟರು. ಹೋದ ತಿಂಗಳು ಬಂದಾಗ 41 ಕ್ಲಿನಿಕ್‌ಗಳು ಇದ್ದವು. ಮನೆ ಖರ್ಚಿಗೆ ಇನ್ನೂ ಸಾಲುತ್ತಿಲ್ಲ, ಗುತ್ತಿಗೆ ಕೆಲಸ ಬಿಟ್ಟಿಲ್ಲ. ಲೆಕ್ಕದ ಹಾಳೆಯಲ್ಲಿ ಅವರೇ ಒಂದು ಹೊಸ ಕಾಲಂ ಮಾಡಿಕೊಂಡಿದ್ದರು. ಬಿಟ್ಟು ಹೋದ ಮೂರು ಕ್ಲಿನಿಕ್‌ಗಳ ಹೆಸರು ಅದರಲ್ಲಿತ್ತು. ಪ್ರತಿಯೊಂದರ ಎದುರು, ಫೋನ್ ಮಾಡಿ ಕೇಳಿ ಬರೆದುಕೊಂಡ ಕಾರಣವೂ ಇತ್ತು.