ಡೇವಿಡ್ ಡ್ರೇಕ್ ಯುದ್ಧವನ್ನು ಹೊಗಳಿ ಬರೆದರಾ?

ಪ್ರಶ್ನೆ: ಅಮೆರಿಕದ ಲೇಖಕ ಡೇವಿಡ್ ಡ್ರೇಕ್ ಅವರ ಮಿಲಿಟರಿ ಸೈನ್ಸ್ ಫಿಕ್ಷನ್, ಅಂದರೆ ಯುದ್ಧದ ವೈಜ್ಞಾನಿಕ ಕಥೆಗಳನ್ನು, ಓದೋಣ ಅಂದುಕೊಂಡಿದ್ದೇನೆ. ಆದರೆ ಅವರು ಯುದ್ಧವನ್ನು ವೈಭವೀಕರಿಸುತ್ತಾರಂತೆ, ಹೌದಾ?

ಇಲ್ಲ. ಎಷ್ಟು ಸಲ ಉತ್ತರಿಸಿದರೂ ಈ ಮಾತು ಮತ್ತೆ ಎದ್ದು ಬರುತ್ತದೆ. ಮುಖಪುಟದ ಟ್ಯಾಂಕ್ ನೋಡಿ ತೀರ್ಮಾನ ಮಾಡಿದವರೇ ಜಾಸ್ತಿ. ಅದಕ್ಕೇ ಈ ಸಲ ಬಿಡಿಸಿ ಹೇಳುತ್ತೇನೆ.

ಡ್ರೇಕ್ ಹುಟ್ಟಿದ್ದು 1945ರಲ್ಲಿ, ಅಮೆರಿಕದ ಅಯೋವಾದಲ್ಲಿ. ಇತಿಹಾಸ, ಲ್ಯಾಟಿನ್ ಓದಿದ ಹುಡುಗ. ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ಲಾ ಓದುತ್ತಿದ್ದಾಗ ಸೇನೆಗೆ ಕಡ್ಡಾಯ ಕರೆ ಬಂತು. 1970ರಲ್ಲಿ ಟ್ಯಾಂಕ್‌ಗಳ ದಳವಾದ 11ನೇ ಆರ್ಮರ್ಡ್ ಕ್ಯಾವಲ್ರಿ ರೆಜಿಮೆಂಟ್ ಜೊತೆ ವಿಯೆಟ್ನಾಂ, ಕಾಂಬೋಡಿಯಾಕ್ಕೆ ಹೋದರು. ಅಧಿಕಾರಿಯಾಗಿ ಅಲ್ಲ, ಸೆರೆಸಿಕ್ಕವರನ್ನು ವಿಚಾರಿಸುವ ಸಾಮಾನ್ಯ ಸೈನಿಕನಾಗಿ. ವಾಪಸ್ ಬಂದು ಚಾಪೆಲ್ ಹಿಲ್ ಪಟ್ಟಣದ ಸಹಾಯಕ ವಕೀಲರಾದರು. ಅದನ್ನೂ ಬಿಟ್ಟು ಕೆಲಕಾಲ ಟೌನ್ ಬಸ್ ಓಡಿಸಿದರು. 1981ರಿಂದ ಬರವಣಿಗೆಯೇ ಕೆಲಸವಾಯಿತು. 2023ರಲ್ಲಿ ತೀರಿಕೊಂಡರು.

ಅವರಿಗೆ ಹೆಸರು ತಂದದ್ದು 1979ರ ‘ಹ್ಯಾಮರ್ಸ್ ಸ್ಲ್ಯಾಮರ್ಸ್’. ದುಡ್ಡಿಗೆ ಯುದ್ಧ ಮಾಡುವ ಬಾಡಿಗೆ ದಂಡಿನ ಕಥೆಗಳು. ಇಲ್ಲೇ ಓದುಗರು ಎಡವುವುದು. ಯಾರು ಒಳ್ಳೆಯವರು, ಯಾರು ಕೆಟ್ಟವರು ಅಂತ ಲೇಖಕ ಹೇಳಲಿ ಎಂದು ನಾವು ಕಾಯುತ್ತೇವೆ. ಡ್ರೇಕ್ ಹೇಳುವುದಿಲ್ಲ. ಬಂದೂಕಿನ ಬಿಸಿ, ಸುಟ್ಟ ವಾಸನೆ, ಪಕ್ಕದಲ್ಲಿ ಬಿದ್ದ ಹೆಣ, ಎಲ್ಲವೂ ಒಂದೇ ದನಿಯಲ್ಲಿ ಬರುತ್ತವೆ. ಗುಂಡು ಹಾರುತ್ತಿರುವಾಗ ಸೈನಿಕನಿಗೆ ನೀತಿ ಯೋಚಿಸಲು ಪುರುಸೊತ್ತಿಲ್ಲ, ಅಲ್ವಾ? ಅವರ ಬರಹ ಆ ಪುರುಸೊತ್ತಿಲ್ಲದ ಮನಸ್ಸಿನೊಳಗಿಂದಲೇ ಬರುತ್ತದೆ. ಆ ಮೌನವನ್ನು ಒಪ್ಪಿಗೆ ಅಂತ ಓದಿಕೊಳ್ಳುವುದು ನಮ್ಮ ತಪ್ಪು.

ಕಾಳಗದ ಪುಟಗಳು ರೋಮಾಂಚನ ಕೊಡುತ್ತವೆ, ನಿಜ. ಆದರೆ ಇದೇ ಸ್ಲ್ಯಾಮರ್ಸ್ ದಂಡಿನ ಕಾದಂಬರಿ ‘ಕೌಂಟಿಂಗ್ ದಿ ಕಾಸ್ಟ್’ ಓದಿ. ಕ್ರಿ.ಶ. 532ರಲ್ಲಿ ಪೂರ್ವ ರೋಮನ್ ಸಾಮ್ರಾಜ್ಯದ ರಾಜಧಾನಿ ಕಾನ್‌ಸ್ಟಾಂಟಿನೋಪಲ್‌ನಲ್ಲಿ ನಡೆದ ನಿಕಾ ದಂಗೆಯೇ ಅದರ ಮೂಲ. ಅಂದು ರಥಪಂದ್ಯದ ಮೈದಾನದಲ್ಲಿ ಸೇರಿದ್ದ ಜನರನ್ನು ಸೈನಿಕರು ಕೊಂದು ಹಾಕಿದರು. ಸತ್ತವರು ಸುಮಾರು 30,000 ಅಂತ ಆ ಕಾಲದ ಇತಿಹಾಸಕಾರ ಪ್ರೊಕೋಪಿಯಸ್ ಬರೆದಿದ್ದಾನೆ. ಡ್ರೇಕ್ ಅದನ್ನು ಬೇರೊಂದು ಗ್ರಹಕ್ಕೆ ಒಯ್ದು, ಕೊಲ್ಲುವ ಕೆಲಸವನ್ನು ತಮ್ಮ ಕಥಾನಾಯಕರ ಕೈಗೇ ಕೊಟ್ಟರು. ಯುದ್ಧವನ್ನು ಹೊಗಳುವವನು ಇಂಥ ಗೆಲುವನ್ನು ಆರಿಸಿಕೊಳ್ಳುತ್ತಾನಾ? ವಿಯೆಟ್ನಾಂ ತನ್ನೊಳಗೆ ಉಳಿಸಿದ್ದನ್ನು ತಡೆದುಕೊಳ್ಳಲು ಬರೆದೆ ಎಂದು ಅವರೇ ಹೇಳಿಕೊಂಡಿದ್ದರು.

ಹಳೆಯ ಇತಿಹಾಸ, ಪುರಾಣ ಅವರ ಬರಹದ ತುಂಬ ಇದೆ. ‘ಕ್ರಾಸ್ ದಿ ಸ್ಟಾರ್ಸ್’ನಲ್ಲಿ ಗ್ರೀಕ್ ಮಹಾಕಾವ್ಯ ಒಡಿಸ್ಸಿ, ‘ದಿ ವಾಯೇಜ್’ನಲ್ಲಿ ಗ್ರೀಕ್ ಪುರಾಣದ ಹಡಗುಯಾತ್ರಿಕರಾದ ಆರ್ಗೋನಾಟರ ಕಥೆ. ಅಲ್ಲಿಂದ ನಮ್ಮ ಕಡೆಗೂ ಒಂದು ದಾರಿ ಇದೆ, ಯಾರೂ ಕೇಳದಿದ್ದರೂ ಹೇಳುತ್ತೇನೆ. ಪೂರ್ವ ರೋಮನ್ ಸೇನಾಪತಿ ಬೆಲಿಸಾರಿಯಸ್ ಹೆಸರಿನ, 1998ರಲ್ಲಿ ಶುರುವಾದ ಕಾದಂಬರಿ ಸರಣಿಯಲ್ಲಿ 6ನೇ ಶತಮಾನದ ಭಾರತವಿದೆ. ಮಾಳ್ವ ಸಾಮ್ರಾಜ್ಯ ಅಲ್ಲಿ ಶತ್ರು, ಶಾತವಾಹನರ ರಾಜಕುಮಾರಿ ಶಕುಂತಲಾ ಅದರ ವಿರುದ್ಧ ಹೋರಾಡುತ್ತಾಳೆ. ನಿಜವಾದ ಶಾತವಾಹನರು 3ನೇ ಶತಮಾನಕ್ಕೇ ಮುಗಿದಿದ್ದರು. ಅವರ ರಾಜರ ಶಿಲ್ಪ ನೋಡಬೇಕಿದ್ದರೆ ಕಲಬುರಗಿ ಜಿಲ್ಲೆಯ ಸನ್ನತಿ ಹತ್ತಿರದ ಕನಗನಹಳ್ಳಿಗೆ ಹೋಗಿ. ಇನ್ನೊಂದು ವಿಷಯ: ಈ ಸರಣಿಗೆ ಕಥೆಯ ಹಂದರ ಮಾತ್ರ ಡ್ರೇಕ್ ಅವರದ್ದು, ಬರೆದವರು ಎರಿಕ್ ಫ್ಲಿಂಟ್. ಡ್ರೇಕ್ ಶೈಲಿ ಬೇಕಿದ್ದರೆ ಸ್ಲ್ಯಾಮರ್ಸ್ ಕಥೆಗಳಿಂದಲೇ ಶುರು ಮಾಡಿ.