ಬಳಕೆದಾರರು ಕೇಳಿದ್ದನ್ನೆಲ್ಲ ಕೊಟ್ಟರೆ ಆ್ಯಪ್ ಸರಿಹೋಗುತ್ತದೆಯೇ?

ಪ್ರಶ್ನೆ: ಮನೆಯಲ್ಲೇ ವ್ಯಾಯಾಮ ಮಾಡುವವರಿಗಾಗಿ ನಾವೊಂದು ಆ್ಯಪ್ ನಡೆಸುತ್ತಿದ್ದೇವೆ. ಅದರ ವಿನ್ಯಾಸ ಬದಲಿಸುವ ಮೊದಲು ಬಳಕೆದಾರರಿಗೆ ಗೂಗಲ್ ಫಾರ್ಮ್ ಕಳುಹಿಸಿ, ಯಾವ ಯಾವ ಫೀಚರ್ ಬೇಕೆಂದು ಕೇಳಿದ್ದೇವೆ. ಹೆಚ್ಚು ಜನ ಬಯಸಿದ್ದನ್ನು ಸೇರಿಸಿದರೆ ಯೂಸರ್ ರಿಸರ್ಚ್, ಅಂದರೆ ಬಳಕೆದಾರರ ಅಗತ್ಯಗಳನ್ನು ಅರಿಯುವ ಅಧ್ಯಯನ, ಮುಗಿದಂತಲ್ಲವೇ?

ಉತ್ತರ: ಮುಗಿಯುವ ಮಾತಿರಲಿ, ಅದು ಇನ್ನೂ ಆರಂಭವೇ ಆಗಿಲ್ಲ. ಇದೇ ಪ್ರಶ್ನೆಗೆ ಹಿಂದೆಯೂ ಹಲವು ಬಾರಿ ಉತ್ತರಿಸಿದ್ದೇನೆ. ಆದರೂ ಹೊಸ ತಂಡವೊಂದು ಕೆಲಸ ಆರಂಭಿಸಿದಾಗಲೆಲ್ಲ ಇದು ಮತ್ತೆ ಬರುತ್ತದೆ. ಆದ್ದರಿಂದ ಈ ಸಲ ಬುಡದಿಂದಲೇ ವಿವರಿಸುತ್ತೇನೆ.

ಬಳಕೆದಾರರಿಗೆ ಏನು ಬೇಕೆಂಬುದು ಅವರಿಗೇ ಚೆನ್ನಾಗಿ ಗೊತ್ತಿರುತ್ತದೆ, ಆದ್ದರಿಂದ ಅವರನ್ನು ಕೇಳಿದರೆ ಸಾಕು ಎಂಬ ನಂಬಿಕೆ ಎಷ್ಟು ಸಹಜವಾಗಿ ಕಾಣುತ್ತದೆಯೋ ಅಷ್ಟೇ ಹಾನಿಕರ. ವ್ಯಾಯಾಮದ ವಿಷಯದಲ್ಲಂತೂ ಜನರು ಹೇಳುವುದಕ್ಕೂ ಮಾಡುವುದಕ್ಕೂ ಇರುವ ಅಂತರವನ್ನು ಅಳೆದೇ ನೋಡಿದ್ದಾರೆ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಮೀಕ್ಷೆಯಲ್ಲಿ 2003–04ರಲ್ಲಿ ಪಾಲ್ಗೊಂಡವರ ಸೊಂಟಕ್ಕೆ ಚಲನೆಯನ್ನು ದಾಖಲಿಸುವ ಪುಟ್ಟ ಉಪಕರಣ ಕಟ್ಟಿ ಏಳು ದಿನ ಧರಿಸುವಂತೆ ಹೇಳಲಾಯಿತು. ಆ ದಾಖಲೆಯ ಪ್ರಕಾರ, ದಿನಕ್ಕೆ ಅರ್ಧ ಗಂಟೆಯ ಚಟುವಟಿಕೆ ಎಂಬ ಅಂದಿನ ಶಿಫಾರಸನ್ನು ಪಾಲಿಸುತ್ತಿದ್ದ ವಯಸ್ಕರು ಶೇ. 5ಕ್ಕಿಂತ ಕಡಿಮೆ. ಬರಿಯ ಪ್ರಶ್ನಾವಳಿಗಳಲ್ಲಿ ಮಾತ್ರ ಇದಕ್ಕಿಂತ ಹಲವು ಪಟ್ಟು ಹೆಚ್ಚು ಜನರು ತಾವು ಸಾಕಷ್ಟು ವ್ಯಾಯಾಮ ಮಾಡುವುದಾಗಿ ಹೇಳಿಕೊಳ್ಳುತ್ತಿದ್ದರು. ಈಜು, ಸೈಕಲ್ ಸವಾರಿಗಳನ್ನು ಆ ಉಪಕರಣ ಸರಿಯಾಗಿ ಹಿಡಿಯುವುದಿಲ್ಲವೆಂಬುದು ನಿಜ. ಆದರೆ ಅಷ್ಟು ದೊಡ್ಡ ಅಂತರ ಅದರಿಂದ ತುಂಬುವುದಿಲ್ಲ. ಉತ್ತರಿಸಿದವರು ಸುಳ್ಳು ಹೇಳಿದರೆಂದೂ ಭಾವಿಸಬೇಕಾಗಿಲ್ಲ. 'ವಾರಕ್ಕೆ ಎಷ್ಟು ದಿನ ಮಾಡುತ್ತೀರಿ' ಎಂದು ಕೇಳಿದಾಗ ನಮ್ಮೆಲ್ಲರ ಮನಸ್ಸಿಗೂ ಮೊದಲು ಬರುವುದು ಎಲ್ಲವೂ ಅಂದುಕೊಂಡಂತೆ ನಡೆದ ವಾರವೇ ಹೊರತು, ಮಗುವಿಗೆ ಜ್ವರ ಬಂದ ವಾರವಲ್ಲ.

ಕಳೆದ ವಾರ ಏನಾಯಿತೆಂಬುದನ್ನೇ ಹೀಗೆ ಹೇಳುವ ನಾವು, ಇನ್ನೂ ತಯಾರಾಗದ ಫೀಚರ್ ಅನ್ನು ಮುಂದೆ ಬಳಸುತ್ತೇವೋ ಇಲ್ಲವೋ ಎಂದು ಹೇಗೆ ಊಹಿಸಬಲ್ಲೆವು? ಫಾರ್ಮಿನಲ್ಲಿ 'ಡಯಟ್ ಪ್ಲಾನ್ ಬೇಕೇ?' ಎಂದಿದ್ದರೆ ಯಾರಾದರೂ 'ಬೇಕು' ಎಂಬುದಕ್ಕೇ ಟಿಕ್ ಮಾಡುತ್ತಾರೆ, ಏಕೆಂದರೆ ಹಾಗೆ ಮಾಡಲು ಅವರೇನೂ ಕಳೆದುಕೊಳ್ಳಬೇಕಾಗಿಲ್ಲ. ಇನ್ನೊಂದು ತೊಡಕೂ ಇದೆ. ಫಾರ್ಮನ್ನು ಆ್ಯಪ್‌ನ ನೋಟಿಫಿಕೇಶನ್ ಮೂಲಕವೇ ಕಳುಹಿಸಿದ್ದರೆ, ಅದು ತಲುಪಿದ್ದು ಇನ್ನೂ ಆ್ಯಪ್ ಇಟ್ಟುಕೊಂಡಿರುವವರಿಗೆ ಮಾತ್ರ. ಎರಡನೆಯ ವಾರದಲ್ಲೇ ಅನ್‌ಇನ್‌ಸ್ಟಾಲ್ ಮಾಡಿದವರ ಬಳಿ ನೀವು ಕೇಳಲೇಬೇಕಾದ ಮಾತುಗಳಿವೆ, ಅವರ ದನಿ ಆ ಹಾಳೆಯಲ್ಲಿ ಎಲ್ಲಿಯೂ ಇಲ್ಲ.

ಹಾಗಾದರೆ ಮಾಡಬೇಕಾದದ್ದೇನು? ವ್ಯಾಯಾಮ ನಡೆಯುವ ಮನೆಗೆ ಹೋಗಿ, ಅದು ನಡೆಯುವ ಹೊತ್ತಿನಲ್ಲಿ, ಸುಮ್ಮನೆ ಕುಳಿತು ನೋಡಬೇಕು. ಬೆಂಗಳೂರಿನ ಬಾಡಿಗೆ ಮನೆಯೊಂದರಲ್ಲಿ ನಾನು ಹಾಗೆ ನೋಡಿದ್ದನ್ನು ಹೇಳುತ್ತೇನೆ. ಮಕ್ಕಳು ಶಾಲೆಗೆ ಹೋದ ಮೇಲೆ, ಕಚೇರಿಗೆ ಹೊರಡುವ ಮೊದಲು ಸಿಗುವ ಅರ್ಧ ಗಂಟೆಯಲ್ಲಿ ಆ ಮನೆಯ ಮಹಿಳೆ ಹಾಲ್‌ನ ಟೀಪಾಯಿಯನ್ನು ಗೋಡೆಗೆ ಸರಿಸಿ, ಮ್ಯಾಟ್ ಹಾಸಿ, ಫೋನನ್ನು ನೀರಿನ ಬಾಟಲಿಗೆ ಒರಗಿಸಿಟ್ಟರು. ಪ್ಲ್ಯಾಂಕ್ ಭಂಗಿಯಲ್ಲಿ ಮುಖ ನೆಲದ ಕಡೆಗಿದ್ದುದರಿಂದ ಎಷ್ಟು ಸೆಕೆಂಡ್ ಉಳಿದಿದೆಯೆಂದು ಅವರಿಗೆ ಕಾಣಿಸುತ್ತಿರಲಿಲ್ಲ. ಕತ್ತೆತ್ತಿದಾಗ ಸ್ಕ್ರೀನ್ ಆರಿಹೋಗಿತ್ತು. ಬೆವರಿದ ಬೆರಳಿಗೆ 'ಮುಂದಿನದು' ಎಂಬ ಚಿಕ್ಕ ಬಟನ್ ಒಂದೇ ಸಲಕ್ಕೆ ಒತ್ತಲಾಗಲಿಲ್ಲ. ಜಂಪಿಂಗ್ ಜ್ಯಾಕ್ಸ್ ಬಂದಾಗ ಕೆಳಗಿನ ಮನೆಯವರು ಬೇಸರಪಟ್ಟುಕೊಳ್ಳುತ್ತಾರೆಂದು ನಿಂತಲ್ಲೇ ಕಾಲಾಡಿಸಿದರು. ಗ್ಯಾಸ್ ಸಿಲಿಂಡರ್ ತಂದವನು ಬಾಗಿಲು ತಟ್ಟಿದ. ಅವನನ್ನು ಕಳುಹಿಸಿ ಬರುವಷ್ಟರಲ್ಲಿ ಆ್ಯಪ್ ಮೊದಲ ಪುಟಕ್ಕೆ ಮರಳಿತ್ತು, ಮಾಡಿ ಮುಗಿಸಿದ್ದ ವ್ಯಾಯಾಮದ ಲೆಕ್ಕವೂ ಉಳಿದಿರಲಿಲ್ಲ.

ಇದೇ ಮಹಿಳೆ ನಿಮ್ಮದರಂಥದ್ದೇ ಒಂದು ಫಾರ್ಮಿನಲ್ಲಿ ಬರೆದಿದ್ದದ್ದು 'ಇನ್ನಷ್ಟು ಬಗೆಯ ವರ್ಕ್‌ಔಟ್ ಬೇಕು' ಎಂದು. ಅವರ ಮನೆಯಲ್ಲಿ ಕಂಡ ಅಗತ್ಯಗಳೇ ಬೇರೆ: ಆರಡಿ ದೂರದಿಂದ ಓದಬಹುದಾದ ಅಂಕಿಗಳು, ಮುಂದಿನ ವ್ಯಾಯಾಮ ಯಾವುದೆಂದು ಕನ್ನಡದಲ್ಲಿ ಹೇಳುವ ದನಿ, ಆರದ ಸ್ಕ್ರೀನ್, ಜಿಗಿತವಿಲ್ಲದ ಆಯ್ಕೆ, ನಿಲ್ಲಿಸಿದಲ್ಲಿಂದಲೇ ಮುಂದುವರಿಯುವ ಅವಕಾಶ. ಇವುಗಳಲ್ಲಿ ಒಂದನ್ನೂ ಅವರು ಕೇಳಿರಲಿಲ್ಲ, ಏಕೆಂದರೆ ಆ ಅಡಚಣೆಗಳನ್ನು ಅವರು ತಮ್ಮ ಮನೆಯ ಪರಿಸ್ಥಿತಿಯೆಂದು ಒಪ್ಪಿಕೊಂಡುಬಿಟ್ಟಿದ್ದರು. ಆ್ಯಪ್‌ನಿಂದ ಸರಿಪಡಿಸಬಹುದಾದ ಲೋಪಗಳೆಂದು ಅವರಿಗೆ ಹೊಳೆದೇ ಇರಲಿಲ್ಲ. ಅದನ್ನು ಗುರುತಿಸಬೇಕಾದವರು ನೀವು.

ಮನೆಗೆ ಹೋಗಲಾಗದಿದ್ದರೆ ಪ್ರಶ್ನೆಯನ್ನಾದರೂ ಬದಲಿಸಿ. 'ಏನು ಬೇಕು' ಎನ್ನುವ ಬದಲು 'ಕೊನೆಯ ಸಲ ವ್ಯಾಯಾಮ ಮಾಡಿದ್ದು ಯಾವತ್ತು, ಆಗ ಮನೆಯಲ್ಲಿ ಯಾರಿದ್ದರು, ಫೋನ್ ಎಲ್ಲಿಟ್ಟಿದ್ದಿರಿ, ಮಧ್ಯೆ ಏಕೆ ನಿಲ್ಲಿಸಿದಿರಿ' ಎಂದು ಕೇಳಿದರೆ, ಊಹೆಯ ಬದಲು ನಡೆದ ಸಂಗತಿ ಸಿಗುತ್ತದೆ. ಎರಡು ವಾರ ಪ್ರತಿದಿನ ಒಂದು ವಾಟ್ಸ್ಆ್ಯಪ್ ವಾಯ್ಸ್ ನೋಟ್ ಕಳುಹಿಸುವಂತೆ ಕೋರುವುದೂ ಒಳ್ಳೆಯ ದಾರಿ. ಎಷ್ಟು ಜನರೊಂದಿಗೆ ಮಾತನಾಡಬೇಕೆಂಬ ಪ್ರಶ್ನೆಗೆ 'ಐದು ಜನ ಸಾಕು' ಎಂಬ, ಬಳಕೆಯ ಸುಲಭತೆಯ ತಜ್ಞ ಜೇಕಬ್ ನೀಲ್ಸನ್ ಅವರ 2000ನೇ ಇಸವಿಯ ಸಲಹೆಯನ್ನು ಎಲ್ಲರೂ ಉಲ್ಲೇಖಿಸುತ್ತಾರೆ. ಆದರೆ ಅದು ಹೇಳಿದ್ದು ಇಂಥ ಮಾತುಕತೆಯ ಬಗ್ಗೆ ಅಲ್ಲ, ವಿನ್ಯಾಸದ ತೊಡಕುಗಳನ್ನು ಹುಡುಕುವ ಪರೀಕ್ಷೆಯ ಬಗ್ಗೆ. ಅದೂ ಐವರಿಂದ ಕಲಿತು, ತಿದ್ದಿ, ಮತ್ತೆ ಐವರ ಮುಂದಿಡುವ ಕ್ರಮದ ಬಗ್ಗೆ.

ಇಷ್ಟು ಹೇಳಿದ ಮೇಲೆ, ಯಾರೂ ನೇರವಾಗಿ ಕೇಳದ ಒಂದು ಪ್ರಶ್ನೆಗೂ ಉತ್ತರಿಸಬೇಕೆನಿಸುತ್ತದೆ: ಒಂದು ದಿನ ತಪ್ಪಿದರೆ ಸ್ಟ್ರೀಕ್ ಅನ್ನು, ಅಂದರೆ ಸತತವಾಗಿ ಮಾಡಿದ ದಿನಗಳ ಎಣಿಕೆಯನ್ನು, ಸೊನ್ನೆಗೆ ಇಳಿಸಬೇಕೇ? '21 ದಿನ ಬಿಡದೆ ಮಾಡಿದರೆ ಅಭ್ಯಾಸವಾಗುತ್ತದೆ' ಎಂಬ ಮಾತಿನ ಮೇಲೆ ಎಷ್ಟೋ ಚಾಲೆಂಜ್‌ಗಳು ನಿಂತಿವೆ. ಆ ಸಂಖ್ಯೆಯ ಮೂಲವೆಂದು ಸಾಮಾನ್ಯವಾಗಿ ತೋರಿಸುವುದು ಅಮೆರಿಕದ ಪ್ಲಾಸ್ಟಿಕ್ ಸರ್ಜನ್ ಒಬ್ಬರು 1960ರಲ್ಲಿ ಬರೆದ ಮಾತನ್ನು. ಅವರು ಹೇಳಿದ್ದು ಶಸ್ತ್ರಚಿಕಿತ್ಸೆಯ ನಂತರ ರೋಗಿಗಳು ತಮ್ಮ ಹೊಸ ಮುಖಕ್ಕೆ ಹೊಂದಿಕೊಳ್ಳಲು ಕನಿಷ್ಠ ಅಷ್ಟು ದಿನ ಬೇಕೆಂದು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಫಿಲಿಪ್ಪಾ ಲ್ಯಾಲಿ ಮತ್ತು ಸಂಗಡಿಗರು 96 ಸ್ವಯಂಸೇವಕರನ್ನು 12 ವಾರ ಗಮನಿಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೊಸ ನಡವಳಿಕೆ ರೂಢಿಯಾಗಲು ತಗಲುವ ಕಾಲದ ಮಧ್ಯದ ಅಂದಾಜು 66 ದಿನ. ವ್ಯಕ್ತಿಯಿಂದ ವ್ಯಕ್ತಿಗೆ ಅದು 18ರಿಂದ 254 ದಿನಗಳವರೆಗೆ ಹರಡಿತ್ತು (12 ವಾರಗಳಾಚೆಯ ಅಂಕಿಗಳು ಲೆಕ್ಕಾಚಾರದ ಅಂದಾಜು). ವಿನ್ಯಾಸಕಾರರು ಗಮನಿಸಬೇಕಾದ ಅಂಶವೂ ಅದರಲ್ಲೇ ಇದೆ: ಒಂದು ದಿನ ತಪ್ಪಿದ್ದರಿಂದ ಅಭ್ಯಾಸ ಬೆಳೆಯುವುದಕ್ಕೆ ಗಣನೀಯ ಧಕ್ಕೆಯಾಗಲಿಲ್ಲ.

ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿಯೂ ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ಶ್ರಮದ ಚಟುವಟಿಕೆ ಎಂದು ವಾರದ ಲೆಕ್ಕವನ್ನೇ ಇಟ್ಟುಕೊಂಡಿದೆ. ಒಮ್ಮೆಗೆ ಕನಿಷ್ಠ 10 ನಿಮಿಷ ಮಾಡಿದರೆ ಮಾತ್ರ ಲೆಕ್ಕಕ್ಕೆ ಬರುತ್ತದೆಂಬ ಹಳೆಯ ಷರತ್ತನ್ನೂ ಅದು ಕೈಬಿಟ್ಟಿದೆ. ಆದ್ದರಿಂದ ಸಿಲಿಂಡರ್ ಬಂದ ದಿನದ ಏಳು ನಿಮಿಷವೂ ವಾರದ ಮೊತ್ತಕ್ಕೆ ಸೇರಬೇಕು, ಮತ್ತು ನಾಲ್ಕು ದಿನ ಬಿಟ್ಟು ಆ್ಯಪ್ ತೆರೆದವರಿಗೆ ಸೊನ್ನೆಯ ಬದಲು ಅಂದಿಗೆ ಮಾಡಬಹುದಾದ ಒಂದು ಚಿಕ್ಕ ಅವಧಿ ಎದುರಾಗಬೇಕು. ಹೊಸ ಪ್ರೊಟೊಟೈಪ್‌ನಲ್ಲಿ (ಪ್ರಾಯೋಗಿಕ ಮಾದರಿಯಲ್ಲಿ) ನೀವು ಮೊಟ್ಟಮೊದಲು ಪರೀಕ್ಷಿಸಬೇಕಾದದ್ದು ಈ ಮರಳಿ ಬಂದವರ ಸ್ಕ್ರೀನನ್ನೇ, ಅದೂ ನಿಮ್ಮ ಆ್ಯಪ್ ಬಿಟ್ಟುಹೋದವರ ಕೈಯಲ್ಲಿ ಫೋನ್ ಕೊಟ್ಟು.