ಬ್ಯಾಬೇಜರ ಯಂತ್ರ ನಿಂತದ್ದು ಹಲ್ಲುಚಕ್ರದ ದೋಷದಿಂದಲ್ಲ

ಪ್ರಶ್ನೆ: ಚಾರ್ಲ್ಸ್ ಬ್ಯಾಬೇಜ್ ಅವರನ್ನು ಕಂಪ್ಯೂಟರಿನ ಪಿತಾಮಹ ಎನ್ನುತ್ತಾರೆ. ಆದರೆ ಅವರ ಯಂತ್ರ ಪೂರ್ತಿಯಾಗಲೇ ಇಲ್ಲವಲ್ಲ? ಅಷ್ಟು ಸೂಕ್ಷ್ಮದ ಬಿಡಿಭಾಗ ಮಾಡುವ ತಂತ್ರಜ್ಞಾನ ಆಗ ಇರಲಿಲ್ಲ ಎಂಬುದು ನಿಜವೇ?

ಉತ್ತರ: ಪಿಎಸ್‌ಸಿಗೆ ಓದುವವರು ಕೇಳುತ್ತಾರೆ, ಬದಿಯಡ್ಕ, ಕುಂಬಳೆ ಕಡೆಯ ಮಾಸ್ತರರು ಕೇಳುತ್ತಾರೆ. ಶಾಲಾ ಶಾಸ್ತ್ರೋತ್ಸವದ (ವಿಜ್ಞಾನ ಮೇಳದ) ಚಾರ್ಟುಗಳಲ್ಲಂತೂ ಇದು ಪ್ರಶ್ನೆಯಾಗಿಯೂ ಉಳಿದಿಲ್ಲ, ಉತ್ತರವೇ ಆಗಿಬಿಟ್ಟಿದೆ. ಎಷ್ಟು ಸಲ ಹೇಳಿದರೂ ಮುಂದಿನ ವರ್ಷ ಅದೇ ವಾಕ್ಯ ಮತ್ತೆ ಬರುತ್ತದೆ. ಈ ಸಲ ಬಿಡಿಸಿಯೇ ಬರೆಯುತ್ತೇನೆ.

ಪಿತಾಮಹ ಎನ್ನುವುದು ಸರಿ. ಪಂಚ್ ಕಾರ್ಡ್ (ತೂತು ಕೊರೆದ ರಟ್ಟು) ಕೊಟ್ಟ ಆದೇಶದಂತೆ ಯಾವ ಲೆಕ್ಕವನ್ನಾದರೂ ಮಾಡಬಲ್ಲ ಅನಾಲಿಟಿಕಲ್ ಇಂಜಿನ್ನಿನ ಯೋಚನೆಯನ್ನು ಅವರು 1834ರಲ್ಲಿ ಶುರು ಮಾಡಿದರು. ಅದು ನಕ್ಷೆಯಲ್ಲೇ ಉಳಿಯಿತು. ಅದಕ್ಕೂ ಮೊದಲು, 1823ರಿಂದ ಬ್ರಿಟಿಷ್ ಸರಕಾರದ ದುಡ್ಡಿನಲ್ಲಿ ಕಟ್ಟುತ್ತಿದ್ದದ್ದು ಡಿಫರೆನ್ಸ್ ಇಂಜಿನ್. ಇದಕ್ಕೆ ಒಂದೇ ಕೆಲಸ: ಗಣಿತದ ಕೋಷ್ಟಕ ತಯಾರಿಸುವುದು. ಇದೂ ಪೂರ್ತಿಯಾಗಲಿಲ್ಲ. ಇಲ್ಲಿಯವರೆಗೆ ಎಲ್ಲ ಸರಿ, ತಪ್ಪಿರುವುದು ಕಾರಣ ಮಾತ್ರ.

1832ರಲ್ಲಿ ಆ ಯಂತ್ರದ ಸುಮಾರು ಏಳರಲ್ಲೊಂದು ಪಾಲನ್ನು ಜೋಡಿಸಿ ತೋರಿಸಿದರು. ಜೋಸೆಫ್ ಕ್ಲೆಮೆಂಟ್ ಎಂಬ ಕುಶಲ ಕೆಲಸಗಾರ ಮಾಡಿಕೊಟ್ಟ ಆ ತುಂಡು ಲಂಡನ್ನಿನ ಸೈನ್ಸ್ ಮ್ಯೂಸಿಯಮ್ಮಿನಲ್ಲಿದೆ, ಸರಿಯಾಗಿ ಲೆಕ್ಕ ಮಾಡುತ್ತದೆ. ಭಾಗ ಮಾಡಲು ಬಾರದಿದ್ದರೆ ಇದು ಹೇಗೆ ತಿರುಗುತ್ತಿತ್ತು?

ಇನ್ನೊಂದು ಸಾಕ್ಷಿ ಸ್ವೀಡನ್ನಿನದು. ಬ್ಯಾಬೇಜರ ಯಂತ್ರದ ಬಗ್ಗೆ ಓದಿ ಹುರುಪುಗೊಂಡ ಗಿಯೋರ್ಗ್ ಶಾಯ್ಟ್ಸ್ ಮತ್ತು ಅವರ ಮಗ ಎಡ್ವರ್ಡ್, ಅಂಥದೇ ಯಂತ್ರವೊಂದನ್ನು 1853ರ ಹೊತ್ತಿಗೆ ಮುಗಿಸಿಯೇಬಿಟ್ಟರು. ಬ್ಯಾಬೇಜರದಕ್ಕಿಂತ ಚಿಕ್ಕದು, ಅಷ್ಟು ನಯವಾದ ಕೆಲಸವೂ ಅಲ್ಲ. ಆದರೂ 1855ರ ಪ್ಯಾರಿಸ್ ಪ್ರದರ್ಶನದಲ್ಲಿ ಚಿನ್ನದ ಪದಕ ಪಡೆಯಿತು, ಆಮೇಲೆ ಅಮೆರಿಕದ ಡಡ್ಲಿ ವೀಕ್ಷಣಾಲಯ ಅದನ್ನು ಕೊಂಡಿತು.

ಇಷ್ಟಾದರೂ ಒಪ್ಪದವರಿಗೆ ಮೂರನೆಯದು. 1847 ಮತ್ತು 1849ರ ನಡುವೆ ಬ್ಯಾಬೇಜ್ ಬರೆದಿಟ್ಟ ಎರಡನೇ ಡಿಫರೆನ್ಸ್ ಇಂಜಿನ್ನಿನ ನಕ್ಷೆ ಹಿಡಿದು, ಅದೇ ಸೈನ್ಸ್ ಮ್ಯೂಸಿಯಂ 1985ರಲ್ಲಿ ಕೆಲಸ ಆರಂಭಿಸಿತು. ಹಳೆಯ ಭಾಗಗಳನ್ನು ಅಳೆದು, ಅವುಗಳಿಗಿಂತ ಹೆಚ್ಚಿನ ನಿಖರತೆ ಎಲ್ಲೂ ಬರಕೂಡದು ಎಂದು ಕಟ್ಟುನಿಟ್ಟು ಮಾಡಿಕೊಂಡರು. ಒಂದೇ ತರದ ಭಾಗಗಳನ್ನು ರಾಶಿಯಾಗಿ ಕಡೆಯಲು ಹೊಸ ಯಂತ್ರ ಬಳಸಿದ್ದು ನಿಜ. ಅದರಿಂದ ಉಳಿದದ್ದು ಸಮಯ, ನಿಖರತೆ ಹೆಚ್ಚಲಿಲ್ಲ. ನಕ್ಷೆಯಲ್ಲಿದ್ದ ಕೆಲವು ತಪ್ಪುಗಳನ್ನು ತಿದ್ದಬೇಕಾಯಿತು. 1991ರಲ್ಲಿ 4,000 ಭಾಗಗಳ ಲೆಕ್ಕದ ಯಂತ್ರ ತಪ್ಪಿಲ್ಲದೆ ಓಡಿತು. 2002ರಲ್ಲಿ ಅಚ್ಚು ಹಾಕುವ ಭಾಗವೂ ಸೇರಿತು: ಒಟ್ಟು 8,000 ಭಾಗ, 5 ಟನ್ ತೂಕ, 31 ಅಂಕಿಗಳ ಲೆಕ್ಕ.

ಹಾಗಾದರೆ ನಿಂತದ್ದೇಕೆ? ಅಡಿಕೆಗೆ ಮದ್ದು ಬಿಡುವ ಪಂಪಿನ ಬೋಲ್ಟು ಬಿದ್ದುಹೋದರೆ ನಾವು ಪೇಟೆಯಿಂದ ಅದೇ ಅಳತೆಯದು ತಂದು ಹಾಕುತ್ತೇವೆ. ಆಗ ಹಾಗಿರಲಿಲ್ಲ, ಒಂದೊಂದು ಕಾರ್ಖಾನೆಗೆ ಒಂದೊಂದು ತರದ ಮರೆ, ಅಂದರೆ ಬೋಲ್ಟಿನ ಸುತ್ತುಗೆರೆ. ಕ್ಲೆಮೆಂಟರ ಬಳಿ ಕೆಲಸ ಮಾಡಿದ್ದ ಜೋಸೆಫ್ ವಿಟ್‌ವರ್ತ್ ಎಲ್ಲರಿಗೂ ಒಂದೇ ಮರೆ ಇರಲಿ ಎಂದು ಸೂಚಿಸಿದ್ದೇ 1841ರಲ್ಲಿ. ಒಂದು ಭಾಗ ಮಾಡಲು ಬರುತ್ತಿತ್ತು, ಅದನ್ನೇ ಸಾವಿರ ಸಲ ಅಗ್ಗದಲ್ಲಿ ಮಾಡಲು ಬರುತ್ತಿರಲಿಲ್ಲ. ದುಡ್ಡು ನೀರಿನಂತೆ ಹೋಯಿತು. ಕಾರ್ಖಾನೆಯನ್ನು ಬ್ಯಾಬೇಜರ ಮನೆಯ ಹತ್ತಿರಕ್ಕೆ ಸಾಗಿಸುವ ವಿಚಾರದಲ್ಲಿ ಕ್ಲೆಮೆಂಟರೊಂದಿಗೆ ತಕರಾರಾಗಿ 1833ರಲ್ಲಿ ಕೆಲಸ ನಿಂತಿತು. ಹೊಸ ಉಪಕರಣಗಳು ವೃತ್ತಿಯ ರೂಢಿಯಂತೆ ಕ್ಲೆಮೆಂಟರ ಪಾಲಾದವು. ಅಷ್ಟರಲ್ಲಿ ಬ್ಯಾಬೇಜರ ಮನಸ್ಸು ಹೊಸ ಯಂತ್ರಕ್ಕೆ ಹಾರಿತ್ತು. 17,000 ಪೌಂಡಿಗೂ ಮಿಕ್ಕಿ ಸುರಿದಿದ್ದ ಸರಕಾರ 1842ರಲ್ಲಿ ಕೈಬಿಟ್ಟಿತು. ದುಡ್ಡು, ಜಗಳ, ಚಂಚಲ ಮನಸ್ಸು ಎಂದು ಚಾರ್ಟಿನಲ್ಲಿ ಬರೆಯಿರಿ.

ಯಾರೂ ಕೇಳದ, ಆದರೆ ಕೇಳಬೇಕಾದ ಪ್ರಶ್ನೆ ಇನ್ನೊಂದಿದೆ: 999ಕ್ಕೆ 1 ಕೂಡಿಸಿದಾಗ ಯಂತ್ರ ದಶಕವನ್ನು, ಅಂದರೆ ಹತ್ತಾದಾಗ ಮುಂದಿನ ಸ್ಥಾನಕ್ಕೆ ಹೋಗಬೇಕಾದ 1ನ್ನು, ಹೇಗೆ ಸಾಗಿಸುತ್ತದೆ? ಎಲ್ಲ ಚಕ್ರಗಳನ್ನೂ ಒಂದೇ ಏಟಿಗೆ ತಿರುಗಿಸಹೋದರೆ ಭಾರಕ್ಕೆ ಯಂತ್ರ ಸಿಕ್ಕಿಕೊಳ್ಳುತ್ತದೆ. ಬ್ಯಾಬೇಜ್ ಕೆಲಸವನ್ನು ಎರಡು ಮಾಡಿದರು. ಕೂಡಿಸುವಾಗ 9 ದಾಟಿ 0ಗೆ ಬಂದ ಚಕ್ರ ಒಂದು ಸಣ್ಣ ಸನ್ನೆಕೋಲನ್ನು ತಳ್ಳಿ ಗುರುತು ಮಾತ್ರ ಇಡುತ್ತದೆ. ಆಮೇಲೆ ಸುರುಳಿ ಮೆಟ್ಟಿಲಿನಂತೆ ಜೋಡಿಸಿದ ತೋಳುಗಳು ಕೆಳಗಿನ ಬಿಡಿಸ್ಥಾನದಿಂದ ಮೇಲಕ್ಕೆ ಒಂದೊಂದಾಗಿ ಸುತ್ತಿ ಬರುತ್ತವೆ. ಗುರುತು ಕಂಡಲ್ಲಿ ಮೇಲಿನ ಚಕ್ರಕ್ಕೆ 1 ಸೇರಿಸುತ್ತವೆ. ಆ ಚಕ್ರವೂ 9ರಿಂದ 0ಗೆ ಹೋದರೆ, ಅದರ ತೋಳು ಇನ್ನೂ ಬರಬೇಕಷ್ಟೆ, ಹಾಗಾಗಿ ಆ ದಶಕವೂ ತಪ್ಪುವುದಿಲ್ಲ. ಯಂತ್ರಶಾಸ್ತ್ರದಲ್ಲಿ ಇದಕ್ಕಿಂತ ಚಂದದ ಉಪಾಯ ಅಪರೂಪ.

ಶಾಸ್ತ್ರೋತ್ಸವದಲ್ಲಿ ಮಾಡಿ ತೋರಿಸಲು ರಟ್ಟಿನ ಯಂತ್ರವೇ ಬೇಕೆಂದಿಲ್ಲ, ಹಾಳೆಯಲ್ಲಿ ಮೂರು ಅಂಕಣ ಸಾಕು. ಬ್ಯಾಬೇಜ್ ತಮ್ಮ ಮೊದಲ ಮಾದರಿಯಲ್ಲಿ ಮಾಡಿದ ಲೆಕ್ಕವನ್ನೇ ತೆಗೆದುಕೊಳ್ಳಿ: x²+x+41. ಮೊದಲ ಅಂಕಣದಲ್ಲಿ 41, ಎರಡನೆಯದರಲ್ಲಿ 2, ಮೂರನೆಯದರಲ್ಲಿ 2 ಬರೆಯಿರಿ. ಎರಡನೆಯದನ್ನು ಮೊದಲನೆಯದಕ್ಕೆ ಕೂಡಿಸಿ, 43. ಮೂರನೆಯದನ್ನು ಎರಡನೆಯದಕ್ಕೆ ಕೂಡಿಸಿ, 4. ಮೂರನೆಯದು ಬದಲಾಗುವುದಿಲ್ಲ. ಹೀಗೇ ಮುಂದುವರಿದರೆ 47, 53, 61, 71, ಎಲ್ಲೂ ಗುಣಾಕಾರವಿಲ್ಲ. ಹತ್ತನೇ ಸುತ್ತಿಗೆ 151 ಬರಬೇಕು. ಬಾರದಿದ್ದರೆ ಕೊನೆಯ ಸಾಲನ್ನಷ್ಟೇ ತಿದ್ದಬೇಡಿ. ಈ ವಿಧಾನದಲ್ಲಿ ಒಂದು ಕಡೆ ತಪ್ಪಿದರೆ ಮುಂದಿನ ಪ್ರತಿ ಸಾಲೂ ತಪ್ಪುತ್ತದೆ, ಆದ್ದರಿಂದ ಮೇಲಿನಿಂದಲೇ ಹುಡುಕಿಕೊಂಡು ಬನ್ನಿ.